ಗಟ್ಟಿಕಲ್ಲಿನ ನಾಡಿನಲ್ಲಿ ನೀರಿನ ಲೆಕ್ಕ
(ಭೂವಿಜ್ಞಾನಿ ಡಾ. ಬಿ. ಪಿ. ರಾಧಾಕೃಷ್ಣ ಅವರ ದುಡಿಮೆಯಿಂದ ರೈತರು ತಿಳಿಯಬೇಕಾದದ್ದು)

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಎಂಟನೇ ಮೈಲಿಯ ಆಸುಪಾಸಿನಲ್ಲಿ ನಾಗಸಂದ್ರವಿದೆ. ಊರ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಎಂಬ ಮಾತು ಸವೆದು ಆದದ್ದು. ಹಿಂದಿನವರು ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ ಎಂದು ಬೆಂಗಳೂರಿನ ಸುತ್ತ ಇಂತಹ ಊರುಗಳು ಹಲವಾರಿವೆ. ನದಿಯಿಲ್ಲದ ಈ ದಿಣ್ಣೆಯ ಮೇಲೆ ಮಳೆಯ ನೀರನ್ನು ಕಟ್ಟಿ ನಿಲ್ಲಿಸಿದ ಕಡೆಯಲ್ಲೆಲ್ಲ ಊರಾಯಿತು ಎಂಬುದನ್ನು ಈ ಹೆಸರುಗಳೇ ಹೇಳುತ್ತವೆ. ರಾಗಿ, ಅವರೆ ಬೆಳೆಯುತ್ತಿದ್ದ ಈ ಕಡೆಯ ಹೊಲಗಳ ನಡುವೆ 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. 2015ರಲ್ಲಿ ನಾಗಸಂದ್ರಕ್ಕೆ ಮೆಟ್ರೋ ರೈಲೂ ಬಂತು.

ನೆಲಮಂಗಲದ ಆಚೆ ನಡೆದ ಒಂದು ರೈತರ ಸಭೆಯಲ್ಲಿ ಈ ಲೇಖಕನಿಗೆ ನಾಗಸಂದ್ರದ ಕಡೆಯ ಹಿರಿಯ ರೈತರೊಬ್ಬರು ಸಿಕ್ಕಿದ್ದರು. ಊರಿನ ಜಮೀನನ್ನು ಕೊಟ್ಟು, ಬಂದ ಹಣದಲ್ಲಿ ಅಲ್ಲಿ ನಾಲ್ಕು ಎಕರೆ ಕೊಂಡವರು. ಅವರ ತಂದೆಯ ಕಾಲದಲ್ಲಿ ನಾಗಸಂದ್ರದ ಹೊಲದಲ್ಲಿ ಮೂವತ್ತೈದು ಅಡಿಯ ತೆರೆದ ಬಾವಿಯಿತ್ತಂತೆ, ಕಪಿಲೆ ಹೂಡಿ ನೀರೆತ್ತುತ್ತಿದ್ದರಂತೆ. ಈಗಿನ ಜಮೀನಿನಲ್ಲಿ ಮೂರು ಕೊಳವೆಬಾವಿ ಕೊರೆಸಿದ್ದಾಗಿದೆ. ಒಂದರಲ್ಲಿ ದಿನಕ್ಕೆ ಗಂಟೆ ಹೊತ್ತು ನೀರು ಬರುತ್ತದೆ, ಎರಡು ಬರಿದು. ಕೊನೆಯದು ಸಾವಿರ ಅಡಿ ದಾಟಿತ್ತು. “ಸಾರ್, ಪಾತಾಳದಲ್ಲಿ ಗಂಗಮ್ಮ ಹರೀತಾವಳೆ, ನಮಗೆ ಎಟುಕ್ತಾ ಇಲ್ಲ ಅಷ್ಟೆ. ಇನ್ನೂ ಮುನ್ನೂರು ಅಡಿ ಇಳಿಸಿ ನೋಡೋಣ, ಸಾಲ ತರ್ತೀನಿ ಅಂತಾನೆ ಮಗ. ನೀವೇನಂತೀರಿ?” ಎಂದು ಕೇಳಿದರು.

ಕೇಳಿದ್ದು ಒಬ್ಬರಾದರೂ ಇದು ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಪ್ರತಿಯೊಂದು ಹಳ್ಳಿಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಕಾಲ ಕೆಳಗಿನ ಕಲ್ಲು ಎಂತಹುದೆಂದು ತಿಳಿದಿರಬೇಕು. ಆ ಕಲ್ಲನ್ನು ಓದುವುದರಲ್ಲೇ ಜೀವಮಾನ ಕಳೆದು, ಅದೇ ಕಲ್ಲಿನ ದಾರಿಯಲ್ಲಿ ನೀರಿನ ಪ್ರಶ್ನೆಗೆ ಬಂದು ತಲುಪಿದ ವಿಜ್ಞಾನಿಯೊಬ್ಬರು ನಮ್ಮ ನಾಡಿನಲ್ಲಿದ್ದರು.

ಕಲ್ಲಿನಿಂದ ನೀರಿಗೆ

ಡಾ. ಬಿ. ಪಿ. ರಾಧಾಕೃಷ್ಣ ಅವರು ಹುಟ್ಟಿದ್ದು 1918ರ ಏಪ್ರಿಲ್ 30ರಂದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, 1937ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಗೆ ಸೇರಿದರು. ಈ ಇಲಾಖೆ 1894ರಲ್ಲಿ ಆರಂಭವಾದದ್ದು, ಅದರ ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್. ಸಂಸ್ಥಾನದ ಸರ್ಕಾರಕ್ಕೆ ಆಗ ಮುಖ್ಯವಾಗಿದ್ದುದು ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಮುಂತಾದ ಖನಿಜಗಳು. ನೀರು ಹುಡುಕುವುದು ಭೂವಿಜ್ಞಾನಿಯ ಕೆಲಸವೆಂದು ಆಗಿನ್ನೂ ಯಾರೂ ಹೆಚ್ಚಾಗಿ ಭಾವಿಸಿರಲಿಲ್ಲ.

ವಿಶ್ವವಿದ್ಯಾನಿಲಯದ ಪೀಠದಲ್ಲಿ ಕುಳಿತು ಪಾಠ ಹೇಳಿದವರಲ್ಲ ಇವರು. ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಪಾಂಡಿತ್ಯ ಗಳಿಸಿದವರು. 1952ರಲ್ಲಿ ಮೈಸೂರು ಪ್ರಸ್ಥಭೂಮಿಯ ರಚನೆಯನ್ನೂ ಅದು ಇಂದಿನ ರೂಪಕ್ಕೆ ಬಂದ ಬಗೆಯನ್ನೂ ಕುರಿತು ಒಂದು ಪ್ರಬಂಧ ಬರೆದರು. 1956ರಲ್ಲಿ ಅವರ ‘ಕ್ಲೋಸ್‌ಪೇಟೆ ಗ್ರಾನೈಟು’ಗಳ ಅಧ್ಯಯನ ಪುಸ್ತಕವಾಗಿ ಹೊರಬಂತು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಈ ಗ್ರಾನೈಟು ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ನಮ್ಮ ರಾಜ್ಯವನ್ನು ಸೀಳಿಕೊಂಡು ಹೋಗುವ ಕಿರಿದಾದ ಪಟ್ಟಿ. ರಾಮದೇವರ ಬೆಟ್ಟ, ಸಾವನದುರ್ಗ, ಶಿವಗಂಗೆ, ಮಧುಗಿರಿ ಇವೆಲ್ಲ ಇದರಲ್ಲಿಯೇ ಎದ್ದು ನಿಂತ ಬೆಟ್ಟಗಳು. ನಾಗಸಂದ್ರದಿಂದ ತುಮಕೂರಿನ ಕಡೆ ಹೊರಟವರಿಗೆ ದಾಬಸ್‌ಪೇಟೆಯ ಹತ್ತಿರ ಎಡಗಡೆ ಕಾಣುವ ಶಿವಗಂಗೆಯ ಬಂಡೆಯ ವಯಸ್ಸು ಸುಮಾರು 250 ಕೋಟಿ ವರ್ಷ. ನಾಗಸಂದ್ರದ ಕೆಳಗಿರುವ, ಪಟ್ಟೆಪಟ್ಟೆಯಾಗಿ ಕಾಣುವ ನೈಸ್ ಎಂಬ ಕಲ್ಲು ಅದಕ್ಕಿಂತಲೂ ಹಳೆಯದು.

1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವು ಬೆಂಗಳೂರಿನಲ್ಲಿ ಹುಟ್ಟಿತು. ಡಿ. ಎನ್. ವಾಡಿಯಾ ಅವರು ಮೊದಲ ಅಧ್ಯಕ್ಷರು. ಸಂಘವನ್ನು ಕಟ್ಟಿದವರಲ್ಲಿ ರಾಧಾಕೃಷ್ಣ ಅವರೂ ಒಬ್ಬರು. 1965ರಲ್ಲಿ ಅವರು ಇಲಾಖೆಯ ನಿರ್ದೇಶಕರಾದರು, 1974ರಲ್ಲಿ ನಿವೃತ್ತರಾದರು.

ಈ ಅವಧಿಯನ್ನು ರೈತರು ಮುಖ್ಯವಾಗಿ ಗಮನಿಸಬೇಕು. 1966-67ರಲ್ಲಿ ದೇಶದ ಹಲವು ಭಾಗಗಳಲ್ಲಿ ಘೋರ ಬರ ಬಿತ್ತು. ಗಟ್ಟಿಕಲ್ಲನ್ನು ಗಾಳಿಯ ಒತ್ತಡದಿಂದ ಕೊರೆಯುವ ಯಂತ್ರಗಳು ಯುನಿಸೆಫ್ ನೆರವಿನಿಂದ ಭಾರತಕ್ಕೆ ಬಂದದ್ದು ಆಗಲೇ. ಅದುವರೆಗೆ ಹಾರೆ, ಗುದ್ದಲಿ, ಮದ್ದುಗಳಿಂದ ತಿಂಗಳುಗಟ್ಟಲೆ ಬಾವಿ ತೋಡುತ್ತಿದ್ದ ಕಡೆ, ಒಂದೆರಡು ದಿನಗಳಲ್ಲಿ ಇನ್ನೂರು ಅಡಿ ಇಳಿಯುವುದು ಸಾಧ್ಯವಾಯಿತು. ಕೊರೆಯುವ ಕೈ ಬಂತು, ಎಲ್ಲಿ ಕೊರೆಯಬೇಕೆಂಬ ಕಣ್ಣು ಬೇಕಾಯಿತು. ರಾಧಾಕೃಷ್ಣ ಅವರ ಕಾಲದಲ್ಲಿ ಇಲಾಖೆಯ ಕೆಲಸದಲ್ಲಿ ಅಂತರ್ಜಲದ ಶೋಧನೆಗೆ ದೊಡ್ಡ ಸ್ಥಾನ ದೊರೆತದ್ದು ಈ ಹಿನ್ನೆಲೆಯಲ್ಲಿ. 1970ರ ಸುಮಾರಿಗೆ ಗಟ್ಟಿಶಿಲೆಗಳಲ್ಲಿನ ಅಂತರ್ಜಲವನ್ನು ಕುರಿತು ಬೆಂಗಳೂರಿನಲ್ಲಿ ನಡೆದ ವಿಚಾರ ಸಂಕಿರಣದಲ್ಲಿ, ಇಂತಹ ಕಲ್ಲಿನಲ್ಲಿ ನೀರು ದೊರಕುವುದರಲ್ಲಿರುವ ತೊಡಕುಗಳನ್ನೇ ವಿಷಯವಾಗಿಟ್ಟುಕೊಂಡು ಅವರು ಪ್ರಬಂಧ ಮಂಡಿಸಿದರು. ಎಲ್ಲರೂ ಯಂತ್ರದ ಉತ್ಸಾಹದಲ್ಲಿದ್ದಾಗ ತೊಡಕುಗಳ ಮಾತನ್ನು ಎತ್ತಿದ್ದು ಸಣ್ಣ ಸಂಗತಿಯಲ್ಲ.

ನೆಲದ ಕೆಳಗೆ ಏನಿದೆ?

ಗಂಗಾನದಿಯ ಬಯಲಿನಲ್ಲಿ ನೂರಾರು ಅಡಿ ಮರಳು, ಮೆಕ್ಕಲು ತುಂಬಿಕೊಂಡಿದೆ. ಅಲ್ಲಿ ಆಳಕ್ಕೆ ಹೋದಷ್ಟೂ ನೀರು ಸಿಗುತ್ತದೆ ಎನ್ನುವುದರಲ್ಲಿ ಅರ್ಥವುಂಟು. ನಮ್ಮಲ್ಲಿ ಹಾಗಲ್ಲ. ನೈಸ್ ಮತ್ತು ಗ್ರಾನೈಟ್ ಕಲ್ಲುಗಳ ಒಡಲಿನಲ್ಲಿ ನೀರಿಗೆ ಜಾಗವೇ ಇಲ್ಲ. ಹಳೆಯ ಬಾವಿಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡಿದರೆ ಇದು ತಿಳಿಯುತ್ತದೆ. ಮೊದಲು ಕೆಂಪು ಮಣ್ಣು. ಅದರ ಕೆಳಗೆ ಕೈಯಲ್ಲಿ ಹಿಡಿದರೆ ಉದುರುವ ಗರಸು. ಇದು ಮಳೆ, ಬಿಸಿಲು, ಕಾಲ ಇವುಗಳಿಂದ ಸವೆದು ಸಡಿಲವಾದ ಕಲ್ಲೇ. ಇದರ ದಪ್ಪ ಒಂದು ಕಡೆ ಹದಿನೈದು ಅಡಿ, ಇನ್ನೊಂದು ಕಡೆ ಅರುವತ್ತು ಅಡಿ, ಕೆಲವು ತಗ್ಗುಗಳಲ್ಲಿ ಇನ್ನೂ ಹೆಚ್ಚು. ಅದರ ಕೆಳಗೆ ಬಿರುಕುಬಿಟ್ಟ ಬಂಡೆ, ಆಮೇಲೆ ಒಂದೇ ಸಮನಾದ ಹೆಬ್ಬಂಡೆ.

ನಮ್ಮ ಅಜ್ಜಂದಿರು ನೀರೆತ್ತುತ್ತಿದ್ದುದು ಗರಸಿನಿಂದ. ಗರಸು ನೀರನ್ನು ಹಿಡಿದಿಟ್ಟುಕೊಳ್ಳುವ ಕಣಜ. ಅದರ ಕೆಳಗಿನ ಬಿರುಕುಗಳು ಕಣಜದಿಂದ ಬಾವಿಗೆ ನೀರು ಸಾಗಿಸುವ ಕಾಲುವೆಗಳಿದ್ದಂತೆ. ಕೊಳವೆಬಾವಿ ಮುಟ್ಟುವುದು ಕಾಲುವೆಯನ್ನು, ಕುಡಿಯುವುದು ಕಣಜದ ನೀರನ್ನು. ಬಿರುಕುಗಳು ಸಾಮಾನ್ಯವಾಗಿ ಮೇಲಿನ ಇನ್ನೂರು ಮುನ್ನೂರು ಅಡಿಗಳಲ್ಲಿ ಹೆಚ್ಚು, ಆಳಕ್ಕೆ ಹೋದಂತೆ ಅವು ವಿರಳವಾಗುತ್ತವೆ, ಮುಚ್ಚಿಕೊಳ್ಳುತ್ತವೆ. ಸಾವಿರ ಅಡಿಯಲ್ಲಿ ನೀರು ಸಿಕ್ಕವರಿಲ್ಲವೆ ಎಂದರೆ ಇದ್ದಾರೆ. ಆದರೆ ಅದು ಹರಿಯುವ ನದಿಯಲ್ಲ. ಬಿರುಕಿನಲ್ಲಿ ಬಹುಕಾಲದಿಂದ ನಿಂತ ನೀರು, ಇಲ್ಲವೆ ನೆರೆಯವರ ಕಣಜದಿಂದ ನಿಧಾನವಾಗಿ ಜಿನುಗಿ ಬಂದದ್ದು. ಹೊಸ ನೀರು ಅಲ್ಲಿಗೆ ಇಳಿಯಬೇಕಾದರೂ ಮೇಲಿನ ಗರಸನ್ನು ದಾಟಿಯೇ ಇಳಿಯಬೇಕು.

ಇಲ್ಲಿ ನೀರು ತೋರಿಸುವವರ ವಿಷಯ ಒಂದು ಮಾತು ಹೇಳಬೇಕು. ಅಂಗೈಯ ಮೇಲೆ ತೆಂಗಿನಕಾಯಿ ನಿಲ್ಲಿಸಿಯೋ ಕವಲು ಕಡ್ಡಿ ಹಿಡಿದೋ ಜಾಗ ತೋರಿಸಿದ ಹಿರಿಯರ ಮಾತು ಹಿಂದೆ ಬಹಳ ಸಲ ನಿಜವಾಗುತ್ತಿತ್ತು. ಕಾರಣವಿಷ್ಟೆ: ತಗ್ಗಿನಲ್ಲಿ ಗರಸು ದಪ್ಪನಾಗಿದ್ದು, ನೀರು ಮೇಲಿದ್ದಾಗ ನಲವತ್ತು ಅಡಿ ತೋಡಿದರೆ ಎಲ್ಲಿ ಬೇಕಾದರೂ ಅಷ್ಟಿಷ್ಟು ನೀರು ಸಿಗುತ್ತಿತ್ತು. ಈಗ ಗರಸು ಒಣಗಿದೆ, ಹುಡುಕಬೇಕಾದದ್ದು ಅಂಗುಲದ ಬಿರುಕನ್ನು. ಕಾಯಿಯೂ ಅದೇ, ಕಡ್ಡಿಯೂ ಅದೇ, ಬದಲಾಗಿರುವುದು ನೆಲ.

ಒಂದು ಎಕರೆಯ ಲೆಕ್ಕ

ಈಗ ಸಭೆಯಲ್ಲಿ ಆ ಹಿರಿಯರ ಮುಂದೆ ಕರಿಹಲಗೆಯ ಮೇಲೆ ಹಾಕಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ವಿಸ್ತರಣಾ ಕಾರ್ಯಕರ್ತರು ತಮ್ಮ ಊರಿನ ಮಳೆಯ ಅಂಕಿಯನ್ನು ಹಾಕಿ ಇದನ್ನು ಮತ್ತೆ ಮಾಡಿ ತೋರಿಸಬಹುದು.

ವರ್ಷಕ್ಕೆ 900 ಮಿಲಿಮೀಟರ್ ಮಳೆಯೆಂದು ಹಿಡಿಯೋಣ. ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 36 ಲಕ್ಷ ಲೀಟರು. ಇದರಲ್ಲಿ ಬಹುಪಾಲು ಆವಿಯಾಗಿಯೋ, ಗಿಡಗಂಟಿಗಳ ಮೂಲಕವೋ, ಹಳ್ಳದಲ್ಲಿ ಹರಿದೋ ಹೋಗುತ್ತದೆ. ನಮ್ಮಂತಹ ನೈಸ್ ಕಲ್ಲಿನ ನಾಡಿನಲ್ಲಿ ಅಂತರ್ಜಲಕ್ಕೆ ಸೇರುವುದು ನೂರಕ್ಕೆ 8ರಿಂದ 11 ಪಾಲು ಎಂದು ಸರ್ಕಾರದ ಅಂದಾಜು ಸಮಿತಿಯವರು ಲೆಕ್ಕ ಹಾಕುತ್ತಾರೆ. ಹತ್ತು ಪಾಲೆಂದರೆ ಎಕರೆಗೆ 3 ಲಕ್ಷ 60 ಸಾವಿರ ಲೀಟರು. ಇದು ಆ ಎಕರೆಯ ವರ್ಷದ ಆದಾಯ.

ಖರ್ಚನ್ನು ನೋಡಿ. ಒಂದು ತರಕಾರಿ ಬೆಳೆಗೆ ಒಟ್ಟು 500 ಮಿಲಿಮೀಟರ್ ನೀರು ಹಾಯಿಸಿದರೆ ಎಕರೆಗೆ 20 ಲಕ್ಷ ಲೀಟರಾಯಿತು. ಅಂದರೆ ಐದೂವರೆ ಎಕರೆಯ ವರ್ಷದ ಆದಾಯವನ್ನು ಒಂದು ಎಕರೆಯ ಒಂದು ಬೆಳೆ ಕುಡಿಯಿತು. ಬಾವಿಯ ನೀರಿನಲ್ಲಿ ಭತ್ತ ನೆಟ್ಟು 1200 ಮಿಲಿಮೀಟರ್ ಕೊಟ್ಟರೆ ಹದಿಮೂರು ಎಕರೆಗೂ ಮಿಕ್ಕಿದ ಆದಾಯ ಅದಕ್ಕೇ ಬೇಕು. ಮಳೆಯಾಶ್ರಯದ ರಾಗಿ, ಅವರೆಗಳು ಈ ಖಾತೆಗೆ ಕೈಯನ್ನೇ ಹಾಕುವುದಿಲ್ಲ.

ಲೆಕ್ಕದ ಎರಡನೆಯ ಭಾಗ ಇನ್ನೂ ಮುಖ್ಯ. ನೂರು ಭಾಗ ಗರಸಿನಿಂದ ಹೊರಗೆ ತೆಗೆಯಬಹುದಾದ ನೀರು ಹೆಚ್ಚೆಂದರೆ ಎರಡು ಮೂರು ಭಾಗ. ಎರಡೆಂದು ಹಿಡಿದರೆ, 90 ಮಿಲಿಮೀಟರ್ ನೀರು ಇಂಗಿದಾಗ ಬಾವಿಯ ಮಟ್ಟ ನಾಲ್ಕೂವರೆ ಮೀಟರ್, ಅಂದರೆ ಸುಮಾರು 15 ಅಡಿ ಏರುತ್ತದೆ. ಅಷ್ಟೇ ನೀರನ್ನು ಹೆಚ್ಚಾಗಿ ತೆಗೆದರೆ 15 ಅಡಿ ಇಳಿಯುತ್ತದೆ. ಹಾಗೆ ಪ್ರತಿವರ್ಷ ತೆಗೆಯುತ್ತ ಹೋದರೆ ಅರುವತ್ತು ಅಡಿ ಗರಸು ನಾಲ್ಕು ವರ್ಷದಲ್ಲಿ ಖಾಲಿ. ಆಮೇಲೆ ನಾವು ಬಿರುಕುಗಳಿಗೆ ಇಳಿಯುತ್ತೇವೆ. ಬಿರುಕುಬಿಟ್ಟ ಬಂಡೆಯಲ್ಲಿ ನೀರಿನ ಜಾಗ ಸಾವಿರಕ್ಕೆ ಮೂರು ಎಂದು ಹಿಡಿಯೋಣ. ಆಗ ಅದೇ 90 ಮಿಲಿಮೀಟರ್ ನೀರನ್ನು ತೆಗೆದರೆ ಮಟ್ಟವು 30 ಮೀಟರ್, ಸುಮಾರು ನೂರು ಅಡಿ ಕುಸಿಯುತ್ತದೆ!

“ಮೊದಲೆಲ್ಲ ವರ್ಷಕ್ಕೆ ಹತ್ತಿಪ್ಪತ್ತು ಅಡಿ ಇಳೀತಿತ್ತು, ಆಮೇಲೆ ಏಕಾಏಕಿ ನೂರು, ಇನ್ನೂರು ಅಂತ ಓಡಿಹೋಯ್ತು” ಎಂದು ರೈತರು ಹೇಳುವುದು ಸರಿಯಾಗಿಯೇ ಇದೆ. ನೀರು ಓಡಿಹೋಗಲಿಲ್ಲ. ಕಣಜ ಮುಗಿದು ಕಿರಿದಾದ ಕೊಳವೆಯೊಳಕ್ಕೆ ನಾವು ಕೈಹಾಕಿದ್ದೇವೆ. ಮುನ್ನೂರು ಅಡಿ ಹೆಚ್ಚು ಕೊರೆದರೆ ಮುನ್ನೂರು ಅಡಿಯಷ್ಟು ನೀರು ಸಿಗುವುದಿಲ್ಲವೆಂಬುದು ಇದರಿಂದ ಗೊತ್ತಾಗುತ್ತದೆ.

ನಿವೃತ್ತಿಯ ನಂತರ ರಾಧಾಕೃಷ್ಣ ಅವರು ಗವಿಪುರದ ಸಂಘದ ಪತ್ರಿಕೆಯ ಸಂಪಾದಕರಾಗಿ ದುಡಿದರು. 1991ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೈದ್ಯನಾಥನ್ ಅವರೊಡನೆ ಕರ್ನಾಟಕದ ಭೂವಿಜ್ಞಾನವನ್ನು ಕುರಿತ ಗ್ರಂಥ ರಚಿಸಿದರು. 2004ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದ ಒಂದು ಚಿಕ್ಕ ಲೇಖನದ ತಲೆಬರಹದ ಅರ್ಥ ಹೀಗಿದೆ: ಮಾನವನಿರ್ಮಿತ ಬರ ಮತ್ತು ಎದುರಾಗುತ್ತಿರುವ ನೀರಿನ ಸಂಕಟ. ಕಲ್ಲಿನ ಹುಟ್ಟನ್ನು ಹುಡುಕುತ್ತ ಹೊರಟವರ ಕೊನೆಯ ಚಿಂತೆಗಳಲ್ಲಿ ಒಂದು ಬಾವಿಯ ತಳವಾಗಿತ್ತು. 2012ರ ಜನವರಿ 26ರಂದು ಅವರು ತೀರಿಕೊಂಡರು.

ಪಟ್ಟಣದ ಅಂಚಿನ ಪಾಠ

ಬರ ಮಾನವನಿರ್ಮಿತ ಎಂಬ ಮಾತಿಗೆ ದೃಷ್ಟಾಂತ ನಾಗಸಂದ್ರದ ಆಸುಪಾಸಿನಲ್ಲೇ ಇದೆ. ಎಂಟನೇ ಮೈಲಿಯಿಂದ ಒಳಕ್ಕೆ ಹೋದರೆ ಹೆಸರಘಟ್ಟ. ಅಲ್ಲಿನ ಕೆರೆಯಿಂದ 1894ರಲ್ಲಿ ಬೆಂಗಳೂರಿಗೆ ನೀರು ತಂದರು. ಅದು ಸಾಲದಾದಾಗ ಅರ್ಕಾವತಿಗೇ ಅಡ್ಡಲಾಗಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು 1933ರಲ್ಲಿ ಕಟ್ಟಿದರು. ಇತ್ತೀಚಿನ ದಶಕಗಳಲ್ಲಿ ಅದಕ್ಕೆ ಒಳಹರಿವು ಬಹಳವಾಗಿ ಕುಗ್ಗಿತು. ಮಳೆ ಕಡಿಮೆಯಾಯಿತು ಎಂದು ಎಲ್ಲರೂ ಹೇಳಿದೆವು. ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮುಂತಾದ ವಿಜ್ಞಾನಿಗಳು ಅಂಕಿ ಅಂಶ ಕೂಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಳೆಯಾಗಲಿ ಸೆಕೆಯಾಗಲಿ ಇದಕ್ಕೆ ಸಾಕಾದ ಕಾರಣವಲ್ಲ. ಬಾವಿಗಳಿಂದ ಮಿತಿಮೀರಿ ಎತ್ತಿದ ನೀರು, ನೀಲಗಿರಿ ತೋಪುಗಳು, ಒಂದಿಷ್ಟು ಮಟ್ಟಿಗೆ ಹಳ್ಳಗಳ ಅಡ್ಡಗಟ್ಟೆಗಳು ಇವೇ ಹೆಚ್ಚು ಸಂಭವನೀಯ ಕಾರಣಗಳು. ಗರಸಿನಲ್ಲಿ ನೀರಿದ್ದಾಗ ಅದು ಹಳ್ಳಕ್ಕೆ ಜಿನುಗುತ್ತಿತ್ತು. ಗರಸು ಒಣಗಿದ ಮೇಲೆ ಹಳ್ಳದ ನೀರೇ ನೆಲಕ್ಕೆ ಇಂಗುತ್ತದೆ.

ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯವಾದೀತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಶೇಖರ್ ಮತ್ತು ಸಂಗಡಿಗರು ಬೆಂಗಳೂರಿನ ಬಾವಿಗಳನ್ನು ಅಳೆದು 2018ರಲ್ಲಿ ವರದಿ ಮಾಡಿದರು. ಮನೆಗಳು ಒತ್ತೊತ್ತಾಗಿರುವ ಹಳೆಯ ಬೆಂಗಳೂರಿನಲ್ಲಿ ನೀರು ಮೇಲೆಯೇ ಇದೆ, ಹೊರವಲಯದಲ್ಲಿ ಆಳಕ್ಕೆ ಹೋಗಿದೆ. ಒಳಗಿನ ಬಡಾವಣೆಗಳಿಗೆ ಕಾವೇರಿ ಬರುತ್ತದೆ, ಸೋರುವ ಕೊಳಾಯಿ ಮತ್ತು ಚರಂಡಿಗಳಿಂದ ನೆಲಕ್ಕೂ ಇಂಗುತ್ತದೆ. ಅಂಚಿನವರು ಬಾವಿಯನ್ನೇ ನಂಬಿದ್ದಾರೆ. ಪಟ್ಟಣ ಹರಡಿದಂತೆ ಅಂಚು ಮುಂದೆ ಸರಿಯುತ್ತದೆ, ಅದರ ಜೊತೆಗೆ ಬತ್ತುವ ಬಾವಿಗಳೂ ಹಳ್ಳಿಗಳ ಕಡೆಗೆ ಸರಿಯುತ್ತವೆ.

ಪೀಣ್ಯದಿಂದ ಕಲಿಯುವುದು ಬೇರೆಯೇ ಒಂದಿದೆ. ಅಲ್ಲಿನ ಅಂತರ್ಜಲದಲ್ಲಿ ಲೋಹದ ಲೇಪನದ ಕೆಲಸದಿಂದ ಬರುವ ಕ್ರೋಮಿಯಂ ಕಂಡುಬಂದಿದೆ. ಬಿರುಕಿಗೆ ಸೇರಿದ ವಿಷವನ್ನು ಹೊರತೆಗೆಯುವುದು ಬಹಳ ಕಷ್ಟ. ಆದ್ದರಿಂದ ಬಾವಿಗೆ ನೀರಿಂಗಿಸುವವರು ಕೊಟ್ಟಿಗೆಯ ಬಚ್ಚಲನ್ನಾಗಲಿ, ಔಷಧಿ ಸಿಂಪಡಿಸಿದ ಹೊಲದ ಮೊದಲ ಮಳೆಯ ನೀರನ್ನಾಗಲಿ ಕೊಳವೆಯೊಳಕ್ಕೆ ನೇರವಾಗಿ ಬಿಡಲೇಬಾರದು.

ಕೊರೆಯುವ ಮುನ್ನ, ಕೊರೆದ ಮೇಲೆ

ಕೊರೆಸಲೇಬೇಕಾದರೆ ಮೊದಲು ಭೂವಿಜ್ಞಾನಿಯಿಂದ ಜಾಗ ನೋಡಿಸಿ. ನಾಲ್ಕು ಗೂಟ ನೆಟ್ಟು, ವಿದ್ಯುತ್ ಹಾಯಿಸಿ, ನೆಲವು ಅದಕ್ಕೆ ಎಷ್ಟು ತಡೆಯೊಡ್ಡುತ್ತದೆಂದು ಅಳೆಯುತ್ತಾರೆ. ಗರಸಿನ ದಪ್ಪ ಇದರಿಂದ ಚೆನ್ನಾಗಿ ತಿಳಿಯುತ್ತದೆ. ಬಿರುಕುಗಳ ವಿಷಯದಲ್ಲಿ ಇದೂ ಖಾತರಿ ಕೊಡಲಾರದು, ಖಾತರಿ ಕೊಡುತ್ತೇನೆನ್ನುವವರನ್ನು ನಂಬಬೇಡಿ. ಹೊಲದಲ್ಲಿ ಕರಿಕಲ್ಲಿನ ಸಾಲು ಗೋಡೆಯಂತೆ ಹಾದುಹೋಗಿದ್ದರೆ ಗಮನಿಸಿ. ಈ ಡಾಲರೈಟ್ ಕಲ್ಲು ಹಲವು ಕಡೆ ನೆಲದೊಳಗಿನ ಅಣೆಕಟ್ಟಿನಂತೆ ನಿಂತಿರುತ್ತದೆ; ಇಳಿಜಾರಿನ ಮೇಲ್ಭಾಗದಲ್ಲಿ ನೀರು ನಿಂತು, ಕೆಳಭಾಗ ಒಣಗಿರುವುದುಂಟು. 2011ರ ಕರ್ನಾಟಕ ಅಂತರ್ಜಲ ಕಾಯಿದೆಯ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಸುವ ಮುನ್ನ ಅನುಮತಿ ಪಡೆಯಬೇಕು. ನೀರು ಬಾರದ ಬಾವಿಯ ಬಾಯನ್ನು ಅಂದೇ ಮುಚ್ಚಿಸಬೇಕು, ಮಕ್ಕಳಿರುವ ಊರಿನಲ್ಲಿ ನಾಳೆ ಎನ್ನುವಂತಿಲ್ಲ.

ಕೊರೆದ ದಿನ ಗಾಳಿಯೊತ್ತಡಕ್ಕೆ ಚಿಮ್ಮುವ ಎರಡು ಮೂರು ಇಂಚು ನೀರನ್ನು ನೋಡಿ ಅದಕ್ಕೆ ತಕ್ಕ ದೊಡ್ಡ ಮೋಟಾರು ತರುವುದು ಸಾಮಾನ್ಯವಾದ ತಪ್ಪು. ಅದು ಬಿರುಕಿನಲ್ಲಿ ಕೂಡಿಟ್ಟ ನೀರು. ಏಪ್ರಿಲ್ ಮೇ ತಿಂಗಳಲ್ಲಿ ನಾಲ್ಕಾರು ಗಂಟೆ ಸತತವಾಗಿ ಎತ್ತಿ ನೋಡಿದಾಗ ನಿಲ್ಲುವ ನೀರೇ ನಿಜವಾದ ಇಳುವರಿ.

ಕೃಷಿ ಹೊಂಡದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಪಾಲಿಥೀನ್ ಹಾಳೆ ಹಾಸಿದ ಹೊಂಡ ಬೆಳೆಗೆ ಒಳ್ಳೆಯದು, ಬಾವಿಗೆ ಅದರಿಂದ ಹನಿಯೂ ಸೇರದು. ಬಾವಿಗೆ ಬೇಕಾದದ್ದು ಹಾಸಿಲ್ಲದ ಹೊಂಡ, ಬದು, ಹೂಳೆತ್ತಿದ ಕೆರೆ. ಹೂಳೆತ್ತುವಾಗ ಗರಸು ಕಂಡರೆ ನಿಲ್ಲಿಸಬೇಕು, ಇಟ್ಟಿಗೆಗೆಂದು ಗರಸನ್ನೂ ಬಗೆದು ಸಾಗಿಸಿದರೆ ಕಣಜವನ್ನೇ ಹೊತ್ತು ಹಾಕಿದಂತೆ.

ನಾಗಸಂದ್ರದ ಆ ಹಿರಿಯರು ಲೆಕ್ಕ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. “ಹಂಗಾದ್ರೆ ನಾಲ್ಕೆಕರೆ ಮೇಲೆ ಬಿದ್ದದ್ದು ಒಂದೆಕರೆ ತರಕಾರಿಗೂ ಸಾಲದು ಅನ್ನಿ” ಎಂದರು. ಮರುವರ್ಷ ಆ ಕಡೆ ಹೋದಾಗ ಅವರ ಜಮೀನನ್ನು ನೋಡಿದೆ. ನಾಲ್ಕನೆಯ ಬಾವಿ ಕೊರೆಸಿರಲಿಲ್ಲ. ಅರ್ಧ ಎಕರೆಗೆ ಹನಿ ನೀರಾವರಿ ಹಾಕಿ ಬೀನ್ಸ್ ಇಟ್ಟಿದ್ದರು, ಉಳಿದದ್ದು ರಾಗಿ, ಅದರೊಳಗೆ ಅವರೆಯ ಅಕ್ಕಡಿ. ಮಗನಿಗೆ ಇದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ, “ಪಕ್ಕದೋರು ಕೊರೆಸಿದ್ರೆ ನಮ್ಮ ನೀರೂ ಅವರಿಗೇ ಹೋಗಲ್ವಾ?” ಎಂದು ಕೇಳಿದ. ಹೋಗುತ್ತದೆ. ಕಣಜಕ್ಕೆ ಸರ್ವೆ ಕಲ್ಲುಗಳಿಲ್ಲ. ಒಬ್ಬರ ಉಳಿತಾಯ ಇನ್ನೊಬ್ಬರ ಮೋಟಾರಿನಲ್ಲಿ ಹೋಗದಿರಬೇಕಾದರೆ ಒಂದು ಹಳ್ಳದ ಸುತ್ತಲಿನವರು ಕೂತು ಬೇಸಿಗೆಯ ಬೆಳೆಯನ್ನು ಮಾತಾಡಿಕೊಳ್ಳಬೇಕು, ಆ ಮಾತಿಗೆ ಎಲ್ಲರೂ ಒಪ್ಪುವ ಅಂಕಿ ಬೇಕು.

ಅಂಕಿಯನ್ನು ಪಡೆಯುವುದು ಕಷ್ಟವಲ್ಲ. ಮೋಟಾರು ಇಳಿಸುವಾಗಲೇ ಪೈಪಿನ ಪಕ್ಕದಲ್ಲಿ ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಳಿಬಿಡಿ, ದಾರ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಹತ್ತು ಹತ್ತು ಅಡಿಗೆ ಗಂಟು ಹಾಕಿದ ನೈಲಾನ್ ದಾರದ ತುದಿಗೆ ಒಂದು ಬೋಲ್ಟು ಕಟ್ಟಿ. ತಿಂಗಳಿಗೊಮ್ಮೆ, ಗೊತ್ತಾದ ಒಂದು ದಿನ, ಬೆಳಿಗ್ಗೆ ಮೋಟಾರು ಹಾಕುವ ಮುನ್ನ ಇಳಿಸಿ, ದಾರ ನೆನೆದ ಮಟ್ಟವನ್ನು ನೋಡಿ, ಆ ತಿಂಗಳ ಮಳೆಯ ಅಂಕಿಯೊಡನೆ ಪುಸ್ತಕದಲ್ಲಿ ಬರೆದಿಡಿ. ಆ ಮನೆಯಲ್ಲಿ ಈಗ ದಾರ ಇಳಿಸುವವನು ಮಗನೇ.